ಗೇಟಿನ ಹತ್ತು ಸೆಕೆಂಡು

ಗೇರುಬೀಜ ಕಾರ್ಖಾನೆಯ ಧನಿ ಶಾಂತಾರಾಮ ಪ್ರಭುಗಳು ಗೇಟಿಗೆ ಕಂಪ್ಯೂಟರ್ ಹಾಕಿಸಿದರು. ಪ್ರೋಗ್ರಾಂ ಬರೆಯುವವನಿಗೆ ಹೇಳಿದರು: "ಸೈರನ್ ನಿಂತ ಕೂಡಲೇ ಮುಚ್ಚಬೇಕು. ಹೊರಗುಳಿದವರಿಗೆ ಅಂದು ಕೆಲಸವಿಲ್ಲ."

ಅವನು ಗುಡ್ಡದ ದಾರಿ ನೋಡಿದ. ಕೆಲಸಕ್ಕೆ ಬರುವ ಹೆಂಗಸರೆಲ್ಲರ ಹಿಂದೆ ಅಪ್ಪಿಯಕ್ಕ ಕುಂಟುತ್ತ ಬರುತ್ತಿದ್ದಳು.

"ದಾಟುವವರಿಗೆ ಗೇಟು ಬಡಿದರೆ ಕಷ್ಟ, ಧನಿ. ಟೈಮರ್ ಇಡುತ್ತೇನೆ. ಸೈರನ್ ನಿಂತ ಮೇಲೆ, ಕಾಲು ಒಳಗೆ ಬಿದ್ದ ಹತ್ತು ಸೆಕೆಂಡಿಗೆ ಮುಚ್ಚುತ್ತದೆ. ಅಷ್ಟರಲ್ಲಿ ಇನ್ನೊಂದು ಕಾಲು ಬಿದ್ದರೆ ಎಣಿಕೆ ಮತ್ತೆ ಮೊದಲಿನಿಂದ."

"ಹತ್ತೇ ಅಲ್ಲವಾ? ಆಯಿತು."

ಅವನು ಹೆಂಗಸರಿಗೂ ಇದನ್ನೇ ಹೇಳಿ ಹೋದ.

ಮರುದಿನದಿಂದ ಅವರು ಗುಂಪಾಗಿ ನುಗ್ಗುವುದನ್ನು ಬಿಟ್ಟರು. ಮದುವೆಮನೆಗೆ ಬಂದವರಂತೆ ಒಬ್ಬೊಬ್ಬರೇ ನಿಧಾನವಾಗಿ ದಾಟಿದರು. ಅಪ್ಪಿಯಕ್ಕ ಬರುವವರೆಗೂ ಗೇಟು ಮುಚ್ಚಲಿಲ್ಲ.

ಧನಿಗೆ ಗುಟ್ಟು ತಿಳಿಯಿತು. ಟೈಮರ್ ತೆಗೆಸಿಯೇ ಬಿಡುತ್ತೇನೆಂದು ಬೆಳಿಗ್ಗೆ ಮನೆಯಿಂದ ಹೊರಟರು. ದಾರಿಯಲ್ಲಿ ಕಾರು ಕೆಟ್ಟಿತು. ನಡೆದು ಗುಡ್ಡ ಹತ್ತುವಾಗಲೇ ಸೈರನ್ ನಿಂತಿತು.

ಗೇಟು ಮಾತ್ರ ತೆರೆದೇ ಇತ್ತು. ಅಪ್ಪಿಯಕ್ಕ ಅಲ್ಲಿ ನಿಂತು ಕಾಲನ್ನು ಒಳಗಿಡುತ್ತಿದ್ದಳು, ತೆಗೆಯುತ್ತಿದ್ದಳು, ಮತ್ತೆ ಇಡುತ್ತಿದ್ದಳು.

"ಬೇಗ ಬನ್ನಿ ಧನಿ," ಎಂದಳು. "ಕಾಲು ನೋಯುತ್ತದೆ."

ಧನಿ ಒಳಗೆ ಬಂದು ಸುಧಾರಿಸಿಕೊಂಡರು. ಪ್ರೋಗ್ರಾಂನವನನ್ನು ಕರೆಸಿದರು.

"ಹತ್ತು ಸಾಲದು ಮಾರಾಯ. ಇಪ್ಪತ್ತು ಮಾಡು."