ಕಾಗೆಗೂ ಕಹಳೆ

"ಹುಟ್ಟಿದಾಗಿನಿಂದ ಒಂದು ಮಾತ್ರೆಯನ್ನೂ ನುಂಗಿದವಳಲ್ಲ ಸರ್. ಅವಳಿಗೆ ನಮ್ಮ ಒಂದು ಔಷಧವೂ ಯಾಕೆ ನಾಟಲಿಲ್ಲ?"

ಕಿರಿಯ ವೈದ್ಯ ಕೇಳಿದ. ಹೆರಿಗೆಯಾದ ನಾಲ್ಕನೆಯ ದಿನ ಮೈಗೆ ನಂಜೇರಿ ಒಬ್ಬ ಬಾಣಂತಿ ಆ ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಅವಳ ರಕ್ತದಲ್ಲಿ ಸಿಕ್ಕ ರೋಗಾಣು ಅಲ್ಲಿದ್ದ ಯಾವ ಆಂಟಿಬಯಾಟಿಕ್ಕಿಗೂ ಜಗ್ಗುವುದಿಲ್ಲವೆಂದು ಪ್ರಯೋಗಾಲಯದ ವರದಿ ಹೇಳಿತ್ತು. ಅವನಿಗೆ ಕಲಿಸಿದ ಹಿರಿಯ ವೈದ್ಯರು ವರದಿಯನ್ನು ಓದಿ, ಮಡಚಿ, ಮೇಜಿನ ಮೇಲಿಟ್ಟರು. "ಕೂತ್ಕೋ, ಒಂದು ಕತೆ ಹೇಳ್ತೀನಿ" ಎಂದರು.

ಕಾಡಿನ ಅಂಚಿನಲ್ಲಿ ಒಂದು ಊರು. ಆ ಊರಿಗೆ ಒಂದು ಕಂಚಿನ ಕಹಳೆ. ಅದನ್ನು ಊದುವವನು ಒಬ್ಬನೇ. ಅವನಿಗಿಂತ ಮುಂಚೆ ಅವನ ಅಪ್ಪ ಊದುತ್ತಿದ್ದ, ಅದಕ್ಕೂ ಮುಂಚೆ ಅಜ್ಜ. ಕಾಡಾನೆ ಊರಿಗೆ ನುಗ್ಗಿದಾಗ ಮಾತ್ರ ಊದುವುದು ಪದ್ಧತಿ. ಆನೆಯನ್ನು ಕಣ್ಣಾರೆ ಕಾಣದೆ ಕಹಳೆಯನ್ನು ತುಟಿಗಿಡುವಂತಿಲ್ಲ. ಊದಲು ತೊಡಗಿದ ಮೇಲೆ ಆನೆ ಕಾಡು ಸೇರುವ ತನಕ ನಿಲ್ಲಿಸುವಂತಿಲ್ಲ. ಮೂರು ವರ್ಷಕ್ಕೋ ನಾಲ್ಕು ವರ್ಷಕ್ಕೋ ಒಮ್ಮೆ ಅದರ ಸದ್ದು ಕೇಳುತ್ತಿತ್ತು. ಪರಿಚಯವಿಲ್ಲದ ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಆನೆ ಬಾಲ ಎತ್ತಿ ಓಡುತ್ತಿತ್ತು. ಹಂದಿಗೆ ತಮಟೆ ಇತ್ತು, ಮಂಗಕ್ಕೆ ಕವಣೆ ಇತ್ತು. ಆನೆಗೆ ಕಹಳೆಯಲ್ಲದೆ ಬೇರೆ ಏನೂ ಇರಲಿಲ್ಲ.

ಆ ಊರಿನಲ್ಲಿ ಒಬ್ಬ ವರ್ತಕ. ಅವನ ಬಾಳೆತೋಟಕ್ಕೆ ಮಂಗಗಳು ಬಂದವು. ಕವಣೆ ಹಿಡಿದು ಬಿಸಿಲಲ್ಲಿ ನಿಲ್ಲುವವರು ಯಾರು? ನೆಟ್ಟಗೆ ಕಹಳೆಯವನ ಮನೆಗೆ ಬಂದ.

"ಒಂದ್ಸಲ ಊದ್ಬಿಡಪ್ಪ, ಓಡಿ ಹೋಗ್ತವೆ."

"ಮಂಗಕ್ಕೆಲ್ಲ ಊದೋದಿಲ್ಲ ಯಜಮಾನ್ರೆ. ಇದು ಆನೆಗೆ."

"ಊದಿದ್ರೆ ನಿನ್ನ ಗಂಟೇನು ಹೋಗುತ್ತೆ? ನಿನ್ನ ಕೈಲಾಗಲ್ಲ ಅಂದ್ರೆ ಹೇಳು, ಪಕ್ಕದೂರಿನವನನ್ನ ಕರೆಸ್ಕೋತೀನಿ."

ಕಹಳೆಯವನಿಗೆ ಆ ಮಾತು ಚುಚ್ಚಿತು. ಇಷ್ಟು ದೊಡ್ಡ ಮನುಷ್ಯ ಮನೆ ಬಾಗಿಲಿಗೆ ಬಂದಿದ್ದಾನೆ, ಬರಿಗೈಲಿ ಕಳಿಸುವುದು ಹೇಗೆ? ಹೋಗುವುದಾದರೂ ಏನು, ಒಂದು ಉಸಿರು ತಾನೇ? ಊದಿದ. ಮಂಗಗಳು ಓಡಿದವು. ಅವನಂಥ ಕಹಳೆಯವನು ಸುತ್ತ ಹತ್ತೂರಿನಲ್ಲಿಲ್ಲ ಎಂದು ವರ್ತಕ ಊರೆಲ್ಲ ಹೇಳಿಕೊಂಡು ಬಂದ. ಹೊಗಳಿಕೆ ಯಾರಿಗೆ ಬೇಡ?

ಮರುದಿನ ಒಬ್ಬ ರೈತ ಬಂದ. ಅವನ ಗೆಣಸಿನ ಹೊಲಕ್ಕೆ ಹಂದಿ ಬಿದ್ದಿತ್ತು. ಕಹಳೆಯವನು ಆಗುವುದಿಲ್ಲವೆಂದ. "ವರ್ತಕರಿಗಾದ್ರೆ ಊದ್ತೀಯ, ನಾವು ಬಡವರು ಅಂತ ತಾನೇ?" ಎಂದ ರೈತ. ಅಲ್ಲಿಗೆ ಮುಗಿಯಿತು. ಹಂದಿಗೂ ಊದಿದ, ಗಿಳಿಗೂ ಊದಿದ. ವರ್ತಕನ ಮಗಳ ನಿಶ್ಚಿತಾರ್ಥದ ದಿನ ಅಂಗಳದಲ್ಲಿ ಒಣಹಾಕಿದ ಹಪ್ಪಳಕ್ಕೆ ಬಾಯಿ ಹಾಕಿದ ಕಾಗೆಗೂ ಊದಿದ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದು ಯಾರಾದರೂ ನಕ್ಕರೇ? ಇಲ್ಲ, ಆ ಪುಣ್ಯಾತ್ಮರು ಚಪ್ಪಾಳೆ ತಟ್ಟಿದರು. ಕೊನೆಕೊನೆಗೆ ಏನೂ ಬರದಿದ್ದ ದಿನವೂ, "ಬರದೇ ಇರ್ಲಿ ಅಂತ ಒಂದ್ಸಲ ಊದ್ಬಿಡು" ಎನ್ನತೊಡಗಿದರು. ಕಹಳೆಯವನು ಹೋಗಿ ನೋಡುವುದನ್ನೂ ಬಿಟ್ಟ. ಜಗಲಿಯ ಮೇಲೆ ಕೂತಲ್ಲೇ ಎರಡು ಸಲ ಊದಿ, ಮುದ್ದೆ ಆರುತ್ತದೆಂದು ಒಳಗೆ ಎದ್ದು ಹೋಗುತ್ತಿದ್ದ.

ಕಾಡಿನಲ್ಲಿ ಆನೆಗಳು ಅದನ್ನೆಲ್ಲ ಕೇಳುತ್ತಿದ್ದವು. ಮೊದಮೊದಲು ಓಡಿದವು. ಆಮೇಲೆ ನಿಂತು ಕೇಳಿದವು. ಸ್ವಲ್ಪ ತಾಳಿದರೆ ಸದ್ದು ತಾನಾಗಿ ಅಡಗುತ್ತದೆ, ಅದರ ಹಿಂದೆ ಏನೂ ಬರುವುದಿಲ್ಲ ಎಂದು ತಿಳಿದುಕೊಂಡವು. ದಿನಕ್ಕೆ ಮೂರು ಹೊತ್ತು ಪಾಠ ಹೇಳಿದರೆ ಆನೆ ಕಲಿಯದೆ ಇರುತ್ತದೆಯೇ?

ಊರಾಚೆ ಒಂದು ಗುಡಿಸಲಿತ್ತು. ಬುಟ್ಟಿ ಹೆಣೆಯುವ ಒಬ್ಬ ಹೆಂಗಸು ಗಂಡನೊಡನೆ ಅಲ್ಲಿದ್ದಳು. ಕಹಳೆ ಊದೆಂದು ಅವಳು ಒಂದು ದಿನವೂ ಯಾರ ಬಾಗಿಲಿಗೂ ಹೋದವಳಲ್ಲ. ಹಿತ್ತಲಿಗೆ ಹಂದಿ ಬಂದರೆ ತಟ್ಟೆ ಬಡಿದು ತಾನೇ ಓಡಿಸುತ್ತಿದ್ದಳು.

ಒಂದು ಬೆಳಿಗ್ಗೆ ಒಂಟಿಸಲಗವೊಂದು ಆ ಗುಡಿಸಲಿನ ಮುಂದೆ ನಿಂತಿತ್ತು. ಗಂಡ ಬಿದಿರು ತರಲು ಹೋಗಿದ್ದ. ಅವಳು ಒಳಗಿನಿಂದ ಕೂಗಿಕೊಂಡಳು. ಕಹಳೆಯವನು ಓಡಿ ಬಂದ. ಆ ದಿನ ಅವನು ಯಾವ ಪದ್ಧತಿಯನ್ನೂ ತಪ್ಪಲಿಲ್ಲ. ಆನೆಯನ್ನು ಕಣ್ಣಾರೆ ಕಂಡ. ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಊದಿದ. ಆನೆ ಒಮ್ಮೆ ಕಿವಿ ಬೀಸಿತು. ಮತ್ತೆ ಊದಿದ. ಅದು ಅವನತ್ತ ತಿರುಗಿಯೂ ನೋಡದೆ ಗುಡಿಸಲಿನ ಗೋಡೆಗೆ ಹಣೆ ಕೊಟ್ಟಿತು. ತುಟಿ ಒಡೆದು ರಕ್ತ ಬರುವ ತನಕ ಅವನು ಊದಿದ. ಗೋಡೆ ಅವಳ ಮೇಲೆ ಬಿತ್ತು.

ಗಂಡ ಬಂದು ಬಿದಿರಿನ ಹೊರೆ ಇಳಿಸಿದ. ಅಳಲಿಲ್ಲ. ಒಂದೇ ಮಾತು ಕೇಳಿದ.

"ಕಾಗೆಗೆ ಊದಿದ್ಯಲ್ಲಣ್ಣ, ಇವಳಿಗೆ ಊದ್ಲಿಲ್ವಾ?"

ಊದಿದೆ ಎನ್ನಲು ಕಹಳೆಯವನಿಗೆ ಬಾಯಿ ಬರಲಿಲ್ಲ. ಊದಿದ್ದಂತೂ ನಿಜ. ಆ ನಿಜವನ್ನು ಯಾವ ಮುಖ ಹೊತ್ತು ಹೇಳುವುದು?

ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆಯಿದೆ. ಆ ಊರಿನ ಮಟ್ಟಿಗೆ ಅದು ಶುದ್ಧ ಸುಳ್ಳು. ಮಾಡಿದವರಲ್ಲಿ ಒಬ್ಬರ ಕೂದಲೂ ಕೊಂಕಲಿಲ್ಲ. ಬಾಳೆ ಉಳಿಯಿತು, ಗೆಣಸು ಉಳಿಯಿತು, ಹಪ್ಪಳವನ್ನು ಕರಿದು ತಿಂದರು. ಎಂದೂ ಏನನ್ನೂ ಕೇಳದವಳು ಎಲ್ಲರ ಪಾಲಿನದನ್ನು ಉಂಡಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಹೊಟ್ಟೆ ಉರಿಯುವ ಮಾತು ಇನ್ನೂ ಒಂದಿದೆ. ಅವಳ ಮಣ್ಣಿಗೆ ಬಂದಿದ್ದ ವರ್ತಕ, "ಈ ಕಹಳೆ ಹಳೇದಾಯ್ತು, ಇದಕ್ಕಿಂತ ದೊಡ್ಡದೊಂದು ಮಾಡಿಸೋಣ" ಎಂದ. ಅದನ್ನು ಎರಕ ಹೊಯ್ದವರ ಮನೆತನವೇ ಅಳಿದುಹೋಗಿತ್ತು. ಆದರೂ ಅವನ ಮಾತಿಗೆ ಊರಿನವರು ಹೂಂ ಎಂದು ತಲೆಯಾಡಿಸಿದರು. ನಾಚಿಕೆ ಎಂಬುದು ಒಬ್ಬರಿಗಾದರೂ ಬೇಡವೇ?

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಸಿಟ್ಟಿನಿಂದ ಕೆಂಪಾಗಿತ್ತು.

"ಆ ಕಹಳೆಯವನನ್ನ ಊರು ಬಿಟ್ಟು ಓಡಿಸ್ಲಿಲ್ವಾ ಸರ್? ಆಗಲ್ಲ ಅಂತ ಗಟ್ಟಿಯಾಗಿ ಒಂದು ಮಾತು ಹೇಳೋಕೆ ಅವನಿಗೇನು ಧಾಡಿಯಾಗಿತ್ತು?"

ಗುರುಗಳು ಕೇಳಿದರು: "ಇವತ್ತು ಬೆಳಿಗ್ಗೆ ನೆಗಡಿ ಅಂತ ಬಂದವರಿಗೆಲ್ಲ ನೀನು ಏನು ಬರೆದುಕೊಟ್ಟೆ?"