ಸೋಪಿನ ರಾಚಪ್ಪನವರ ಉದ್ಘಾಟನೆ

ಮೈಗೆ ಹಚ್ಚಿದರೆ ನೊರೆಯೇ ಬಾರದ ರಾಚಪ್ಪನವರ ಸೋಪು, ಪಾತ್ರೆ ತಿಕ್ಕೋಕೆ ಭರ್ಜರಿಯಾಗಿ ಖರ್ಚಾಯಿತು. ಸಾಹುಕಾರರಾದ ಮೇಲೆ ದಾನಕ್ಕಿಳಿದರು. ಕೊಟ್ಟದ್ದರ ಮೇಲೆಲ್ಲ ಅವರದೇ ಹೆಸರು, ಉದ್ಘಾಟನೆಗೆ ಮೊದಲ ಬಳಕೆಯೂ ಅವರದೇ. ಊರಿಗೆ ನಲ್ಲಿ ಹಾಕಿಸಿ ಮೊದಲ ಲೋಟ ನೀರು ಕುಡಿದರು. ಆಸ್ಪತ್ರೆಗೆ ಮಂಚ ಕೊಟ್ಟು, ಮೊದಲು ತಾವೇ ಮಲಗಿ ಫೋಟೊ ತೆಗೆಸಿಕೊಂಡರು.

ಈಗ ಸ್ಮಶಾನದಲ್ಲಿ ಚಿತಾಗಾರ ಕಟ್ಟಿಸಿದ್ದರು. "ಜಾಗ ಕೊಟ್ಟ ಗಿರಿಯಮ್ಮನ ಹೆಸರು ಅಳಿಸಿ ನನ್ನದು ಬರೆಸು. ನಾಳೆ ಉದ್ಘಾಟನೆ. ತಪ್ಪಿದರೆ ನಿನ್ನ ಕೆಲಸ ಹೋಯ್ತು ಅಂದ್ಕೋ," ಎಂದು ಕಾವಲುಗಾರ ದ್ಯಾವಣ್ಣನಿಗೆ ಗದರಿದರು.

ದ್ಯಾವಣ್ಣ ಕೈಮುಗಿದ. "ಆಗಲಿ ಬುದ್ಧಿ, ಈಗಲೇ ಸೌದೆ ಜೋಡಿಸ್ತೀನಿ. ವಾಡಿಕೆಯಂತೆ ಮೊದಲು ತಾವೇ ಮಲಗ್ತೀರಲ್ಲ, ಫೋಟೊದವನಿಗೆ ಎಷ್ಟು ಹೊತ್ತಿಗೆ ಬರೋಕೆ ಹೇಳಲಿ?"

ರಾಚಪ್ಪನವರು ಚಿತಾಗಾರದ ಕಡೆ ನೋಡಿ ಹಣೆ ಒರೆಸಿಕೊಂಡರು. "ಗಿರಿಯಮ್ಮ ದೊಡ್ಡ ಜೀವ ಕಣೋ. ಅವಳ ಹೆಸರೇ ಇರಲಿ ಬಿಡು."

ಹೆಸರಿಗೆ ಆಸೆಪಡದೆ ರಾಚಪ್ಪನವರು ಮಾಡಿದ ದಾನ ಅದೊಂದೇ.