ಒಂದು ಕೀ, ಒಂದು ಮಾತು

ಹೊಳೆದಂಡೆಯಲ್ಲೊಂದು ಪುಟ್ಟ ಆಶ್ರಮ. ಅಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು ಅಂದರೆ ನಗಬೇಡಿ, ನಿಜವಾಗಿಯೂ ಕಲಿಸುತ್ತಿದ್ದರು.

ಕಲಿಸುವವರು ಕರಿಬಸಯ್ಯನವರು. ಒಂದು ಕಾಲಕ್ಕೆ ಪಾಲಿಟೆಕ್ನಿಕ್ ಮೇಷ್ಟ್ರು. ಎಲ್ಲ ಸಾಕು ಅಂತ ಬಿಟ್ಟು ಬಂದು ಇಲ್ಲಿ ಕೂತಿದ್ದರು.

ಜೊತೆಗೆ ಅವರ ಅಕ್ಕ ಹೊನ್ನಮ್ಮ. ಆಕೆಗೆ ಕಣ್ಣು ಕಾಣುತ್ತಿರಲಿಲ್ಲ. ದಿನಾ ಸಂಜೆ ಕಥೆ ಪುಸ್ತಕವನ್ನು ತಮ್ಮ ಓದಬೇಕು, ಅಕ್ಕ ಕೇಳಬೇಕು.

"ಬಾ, ಕೂತ್ಕೋ. ನಿನ್ನೆ ಎಲ್ಲಿಗೆ ನಿಲ್ಲಿಸಿದ್ವಿ?" ಅಂತ ತಮ್ಮ ಕೇಳಿದರೆ ಅಕ್ಕ ತಪ್ಪದೆ ಹೇಳುತ್ತಿದ್ದಳು.

ಬೆಳಿಗ್ಗೆ ಅದೇ ಮಾತನ್ನು ಶಿಷ್ಯ ತಿಪ್ಪೇಶನಿಗೂ ಕೇಳುತ್ತಿದ್ದರು. ಅವನು ಒಂದು ದಿನವೂ ನೆಟ್ಟಗೆ ಉತ್ತರ ಕೊಟ್ಟವನಲ್ಲ.

ಬಂದ ದಿನವೇ ತಿಪ್ಪೇಶ ಕೇಳಿದ್ದ: "ಗುರುಗಳೇ, ಪ್ರೋಗ್ರಾಮಿಂಗ್ ಕಲಿಯೋಕೆ ಯಾವ ಆಪರೇಟಿಂಗ್ ಸಿಸ್ಟಮ್ ಒಳ್ಳೇದು?"

"ನಿನ್ನ ಲ್ಯಾಪ್‌ಟಾಪಲ್ಲಿ ಏನಿದೆ?"

"ವಿಂಡೋಸು."

"ಅದು ಒಳ್ಳೇದು."

"ಲಿನಕ್ಸ್ ಇದ್ದಿದ್ರೆ?"

"ಅದು ಒಳ್ಳೇದಾಗಿರ್ತಿತ್ತು."

ತಿಪ್ಪೇಶನಿಗೆ ಇದು ಉತ್ತರ ಅನ್ನಿಸಲಿಲ್ಲ. ಗುರು ಅಂದಮೇಲೆ ಗಟ್ಟಿಯಾಗಿ ಒಂದನ್ನು ಹೇಳಬೇಕು ತಾನೇ? ವಿಡಿಯೋಗಳಲ್ಲಿ ಎಲ್ಲರೂ ಎಷ್ಟು ಗಟ್ಟಿಯಾಗಿ ಹೇಳುತ್ತಾರೆ!

ಆ ಮಳೆಗಾಲ ಗುರುಗಳ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ದೀಪಾವಳಿ ಕಳೆದ ಮೇಲೆ ಕೊಯ್ದು ತೆಗೆಯಬೇಕು ಅಂದರು ಡಾಕ್ಟರು. ಜೀವ ಉಳಿಯುತ್ತೆ, ದನಿ ಉಳಿಯಲ್ಲ ಅಂದರು.

ಆಸ್ಪತ್ರೆಯಿಂದ ಬಂದ ಗುರುಗಳು ಶಿಷ್ಯನನ್ನು ಹೊಳೆ ಮೆಟ್ಟಿಲಿಗೆ ಕರೆದುಕೊಂಡು ಹೋದರು.

"ನಾಳೆ ದಿನ ನಾನು ಸ್ಲೇಟಲ್ಲಿ ಬರೆದು ತೋರಿಸಿದ್ರೆ ನೀನು ಓದ್ತೀಯ. ಅಕ್ಕ ಏನು ಮಾಡ್ತಾಳೋ ತಿಪ್ಪೇಶಿ?"

ತಿಪ್ಪೇಶ ಆಶ್ರಮದ ಕಡೆ ತಿರುಗಿ ನೋಡಿದ.

"ನನಗೊಂದು ಪ್ರೋಗ್ರಾಮ್ ಬರೆದುಕೊಡು. ಒಂದು ಕೀ ಒತ್ತಿದ್ರೆ ನನ್ನ ಒಂದು ಮಾತು ಕೇಳಿಸಬೇಕು. 'ಅಕ್ಕಾ' ಅನ್ನೋಕೆ ಒಂದು ಕೀ. 'ಊಟ ಮಾಡಿದ್ಯಾ' ಅನ್ನೋಕೆ ಒಂದು ಕೀ. ಮಾತು ನಾನು ಕೊಡ್ತೀನಿ."

"ಅಷ್ಟೇನಾ ಗುರುಗಳೇ?"

"ಅಷ್ಟೇ."

ಅಂದಿನಿಂದ ಗುರುಗಳು ದಿನಾ ಒಂದಿಷ್ಟು ಹೊತ್ತು ಲ್ಯಾಪ್‌ಟಾಪಿನ ಮುಂದೆ ಕೂತು ಮಾತಾಡಿದರು. ಅಕ್ಕಾ. ಹುಷಾರು, ಹೊಸ್ತಿಲು ಇದೆ. ಬಿಸಿ ಇದೆ, ಆರಲಿ ತಡಿ. ನಾನು ಇಲ್ಲೇ ಇದ್ದೀನಿ. ಒಮ್ಮೆ ಸುಮ್ಮನೆ ನಕ್ಕಿದ್ದರು, ಅದನ್ನೂ ತಿಪ್ಪೇಶ ರೆಕಾರ್ಡ್ ಮಾಡಿಕೊಂಡ. ಎಲ್ಲದರ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿಗೂ ಹಾಕಿ ಇಟ್ಟ. ಅಷ್ಟು ಬುದ್ಧಿ ಇತ್ತು ಅವನಿಗೆ.

ಪ್ರೋಗ್ರಾಮ್ ಮಾತ್ರ ಶುರುವಾಗಲಿಲ್ಲ.

"ಬಾ, ಕೂತ್ಕೋ. ನಿನ್ನೆ ಎಲ್ಲಿಗೆ ನಿಲ್ಲಿಸಿದ್ವಿ?"

"ವಿಂಡೋಸ್ ತೆಗೆದುಬಿಟ್ಟೆ ಗುರುಗಳೇ. ನಿಜವಾದ ಪ್ರೋಗ್ರಾಮರ್‌ಗಳು ಲಿನಕ್ಸ್‌ನಲ್ಲೇ ಕಲಿಯೋದಂತೆ."

ಲಿನಕ್ಸ್ ಅಂದರೆ ಒಂದೇ ಅಂದುಕೊಂಡಿದ್ದ, ಪಾಪ. ನಮ್ಮ ಕಡೆ ಮಠಗಳಿದ್ದ ಹಾಗೆ ಅದರಲ್ಲೂ ಹತ್ತಾರು. ಒಂದು ಹಗುರ, ಒಂದು ಚೆಂದ, ಒಂದನ್ನು ಹಾಕುವುದೇ ಕಷ್ಟವಾದ್ದರಿಂದ ಅದಕ್ಕೆ ಮರ್ಯಾದೆ ಜಾಸ್ತಿ. ತಿಪ್ಪೇಶ ಒಂದೊಂದನ್ನೇ ಹಾಕಿದ, ತೆಗೆದ. ಹಾಕುವಾಗಲೆಲ್ಲ ಲ್ಯಾಪ್‌ಟಾಪ್ ಖಾಲಿಯಾಗುತ್ತಿತ್ತು, ಗುರುಗಳ ಮಾತುಗಳನ್ನು ಪೆನ್‌ಡ್ರೈವಿನಿಂದ ವಾಪಸು ತುಂಬಿಕೊಂಡ.

ಗುರುಗಳು ಬಯ್ಯಲಿಲ್ಲ. ಒಮ್ಮೆ ಕೇಳಿದರು: "ಯಾವುದು ಯಾವುದು ಅಂತೀಯಲ್ಲ, ಯಾರಿಗೆ ಅಂತ ಒಂದ್ಸಲನಾದ್ರೂ ಕೇಳಿಕೊಂಡ್ಯಾ?"

"ಇದೊಂದು ಕೊನೇದು ಗುರುಗಳೇ. ಇದು ಕೂತುಬಿಟ್ರೆ ಮುಗೀತು, ಬರೆದುಬಿಡ್ತೀನಿ."

ಅಷ್ಟರಲ್ಲಿ ಗುರುಗಳ ದನಿ ಕುಗ್ಗುತ್ತ ಬಂದಿತ್ತು. ಸಂಜೆ ಕಥೆ ಓದುವಾಗ ಹೊನ್ನಮ್ಮ ತಮ್ಮನ ಗಂಟಲ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು. ತಿಪ್ಪೇಶ ಅದನ್ನು ನೋಡಿದ. ಆದರೂ ಎದ್ದು ಹೋಗಿ ಆ ಕೊನೇದನ್ನು ಇಳಿಸಿಕೊಳ್ಳಲು ಕೂತ.

ಹೊಸ ಸಿಸ್ಟಮ್ ಹಾಕಬೇಕಾದರೆ ಮೊದಲು ಅದನ್ನೊಂದು ಪೆನ್‌ಡ್ರೈವಿಗೆ ಏರಿಸಬೇಕು. ಏರಿಸಿದರೆ ಪೆನ್‌ಡ್ರೈವಿನಲ್ಲಿ ಮುಂಚೆ ಇದ್ದದ್ದು ಹೋಗುತ್ತದೆ. ಯಾವಾಗಲೂ ಬಳಸುತ್ತಿದ್ದ ಪೆನ್‌ಡ್ರೈವ್ ಆ ದಿನ ಕೆಟ್ಟು ಕೂತಿತ್ತು. ಮಾತುಗಳಿದ್ದ ಪೆನ್‌ಡ್ರೈವ್ ಕೈಗೆ ಸಿಕ್ಕಿತು. ಲ್ಯಾಪ್‌ಟಾಪಲ್ಲಿ ಹೇಗೂ ಇದೆಯಲ್ಲ ಅಂದುಕೊಂಡು ಅದಕ್ಕೇ ಏರಿಸಿದ.

ಆಮೇಲೆ ಲ್ಯಾಪ್‌ಟಾಪ್ ಕೇಳಿತು: ಇದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ?

ಎಷ್ಟು ಸಲ 'ಹೌದು' ಅಂದ ಕೈಯೋ ಏನೋ. ಈ ಸಲವೂ ಹೌದು ಅಂತು.

ಹೊಸ ಪರದೆ ಚೆಂದಾಗಿ ಬೆಳಗಿತು. ಮಾತುಗಳನ್ನು ವಾಪಸು ತುಂಬೋಣ ಅಂತ ಕೈ ಚಾಚಿದಾಗ ತಿಪ್ಪೇಶನಿಗೆ ನೆನಪಾಯಿತು. ಪೆನ್‌ಡ್ರೈವಿನಲ್ಲಿದ್ದವನ್ನೂ ತಾನೇ ಅಳಿಸಿ ಆಗಿತ್ತು.

ಗುರುಗಳು ಹೊಳೆ ಮೆಟ್ಟಿಲ ಮೇಲಿದ್ದರು. ಶಿಷ್ಯ ಹೋಗಿ ಎದುರಿಗೆ ನಿಂತ. ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

"ಎಷ್ಟು ಉಳೀತು?" ಪಿಸುದನಿಯಲ್ಲಿ ಕೇಳಿದರು.

"ಒಂದೂ ಇಲ್ಲ ಗುರುಗಳೇ."

ಗುರುಗಳಿಗೂ ದುಃಖವಾಯಿತು, ಗುರುವಾದರೇನು, ಮನುಷ್ಯರಲ್ಲವೇ? ಕಣ್ಣು ಒರೆಸಿಕೊಂಡರು.

ಆಮೇಲೆ ಕೇಳಿದರು: "ಹೊಸದು ಹೇಗಿದೆ?"

"ಚೆನ್ನಾಗಿದೆ," ಅಂದವನೇ ತಿಪ್ಪೇಶ ಬಿಕ್ಕಿ ಬಿಕ್ಕಿ ಅತ್ತ.

"ತಗೊಂಡು ಬಾ."

"ಬೈರಿ ಗುರುಗಳೇ, ಹೊಡೀರಿ ಬೇಕಾದ್ರೆ."

"ಇರೋ ದನೀನ ಬಯ್ಯೋಕೆ ಖರ್ಚು ಮಾಡಲೇನಪ್ಪಾ? ತಗೊಂಡು ಬಾ. ಬರಿ."

ತಿಪ್ಪೇಶ ಅಲ್ಲೇ ಮೆಟ್ಟಿಲ ಮೇಲೆ ಕೂತು ಬರೆದ. ಎರಡು ಕಡೆ ತಪ್ಪಾಯಿತು, ತಿದ್ದಿದ. ಹೊತ್ತು ಮುಳುಗುವ ಮುಂಚೆ ಪ್ರೋಗ್ರಾಮ್ ಮುಗಿಯಿತು.

ಮುಗಿಯಿತು! ಒಂದು ಮಳೆಗಾಲ ಪೂರ್ತಿ ತಿಂದ ಕೆಲಸ ಒಂದೇ ಮಧ್ಯಾಹ್ನದ್ದಾಗಿತ್ತು. ಹಿಂದೆ ಹಾಕಿ ತೆಗೆದ ಯಾವುದರಲ್ಲಾದರೂ ಇದೇ ಸಾಲುಗಳನ್ನು ಬರೆಯಬಹುದಿತ್ತು. ಅದು ಗೊತ್ತಾದಾಗ ತಿಪ್ಪೇಶನಿಗೆ ಆದ ಸಂಕಟ ಶತ್ರುವಿಗೂ ಬೇಡ.

"ಮಾತು ಹೇಳಿ ಗುರುಗಳೇ. 'ಅಕ್ಕಾ' ಅಂತಲಾ? ಏನಾದ್ರೂ ಉಪದೇಶವಾ?"

ಗುರುಗಳು ಲ್ಯಾಪ್‌ಟಾಪಿನ ಹತ್ತಿರ ಬಾಗಿದರು. ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಒಂದೇ ಮಾತು ಹೇಳಿದರು. ನಡುವೆ ಕೆಮ್ಮು ಬಂತು. ಇನ್ನೊಮ್ಮೆ ಹೇಳಲು ನೋಡಿದರು, ಬರೀ ಉಸಿರು ಬಂತು.

"ಆ ಕೆಮ್ಮು ತೆಗೆದುಬಿಡಲಾ?" ಅಂತ ಶಿಷ್ಯ ಕೇಳಿದ.

ಬೇಡ ಅಂತ ಗುರುಗಳು ಕೈಯಾಡಿಸಿದರು. ದೀಪಾವಳಿ ಕಳೆದು ಆಸ್ಪತ್ರೆಗೆ ಹೋದರು.

ಜೀವ ಉಳಿಯಿತು. ವಾಪಸು ಬಂದಾಗ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿತ್ತು. ತುಟಿ ಆಡುತ್ತಿತ್ತು, ಮಾತಿರಲಿಲ್ಲ.

ಆ ಸಂಜೆ ಹೊನ್ನಮ್ಮ ಎಂದಿನ ಹಾಗೆ ಗೋಡೆ ಹಿಡಿದುಕೊಂಡು ಜಗುಲಿಗೆ ಬಂದಳು. "ಬಸಯ್ಯಾ, ಇದ್ದೀಯೇನೋ?" ಅಂದಳು. ಉತ್ತರ ಬರುವುದಿಲ್ಲ ಅಂತ ಆಕೆಗೆ ಗೊತ್ತಿತ್ತು. ಆದರೂ ಕಿವಿಗೊಟ್ಟು ನಿಂತಳು.

ತಿಪ್ಪೇಶ ಬಾಗಿಲ ಹಿಂದೆ ಮುಖ ಮರೆಸಿಕೊಂಡಿದ್ದ.

ಗುರುಗಳು ಕೀ ಒತ್ತಿದರು.

"ಬಾ, ಕೂತ್ಕೋ." ಕೆಮ್ಮು. "ನಿನ್ನೆ ಎಲ್ಲಿಗೆ ನಿಲ್ಲಿಸಿದ್ವಿ?"

ಹೊನ್ನಮ್ಮನ ಕೈ ಗಾಳಿಯಲ್ಲೇ ತಮ್ಮನ ಗಂಟಲನ್ನು ಹುಡುಕಿತು. ಬಟ್ಟೆ ಸಿಕ್ಕಿತು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಆಕೆ ಕೂತಳು, ಸೆರಗು ಸರಿಮಾಡಿಕೊಂಡು ಹೇಳಿದಳು: "ರಾಣಿ ದೋಣಿ ಹತ್ತಿದ್ದಳು ಕಣೋ. ಅಂಬಿಗ ಇನ್ನೂ ಹಗ್ಗ ಬಿಚ್ಚಿರಲಿಲ್ಲ."

ಗುರುಗಳು ಕಥೆ ಪುಸ್ತಕವನ್ನು ಎತ್ತಿ ಬಾಗಿಲ ಕಡೆ ಚಾಚಿದರು.

ತಿಪ್ಪೇಶ ಹೊರಗೆ ಬಂದ. "ನಾನಾ? ನಂಗೆ ನಿಮ್ಮ ಥರ ಓದೋಕೆ ಬರಲ್ಲ ಗುರುಗಳೇ. ಮೊದಲು ಸ್ವಲ್ಪ ಅಭ್ಯಾಸ ಮಾಡ್ಕೊಂಡು, ದನಿ ಸರಿ ಮಾಡ್ಕೊಂಡು, ಆಮೇಲೆ..."

ಗುರುಗಳು ಮತ್ತೆ ಅದೇ ಕೀ ಒತ್ತಿದರು.

"ಬಾ, ಕೂತ್ಕೋ." ಕೆಮ್ಮು. "ನಿನ್ನೆ ಎಲ್ಲಿಗೆ ನಿಲ್ಲಿಸಿದ್ವಿ?"